ಕಂಪನಿಗೆ ಹೋದವನಲ್ಲ

ಕ್ರೇನ್ಸ್ ಫೋರ್ಕ್, ಕೆಂಟಕಿ
ಮಾರ್ಚ್ 9, 2003

ಹೋಬರ್ಟ್,

ನಿನ್ನೆ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಕಣ್ಣು ಹತ್ತಿ ಕೆಟ್ಟ ಕನಸು ಬಿತ್ತು. ಕೋರ್ಟಿನ ಪಕ್ಕದ ಹಳೆ ಶಾಲೆಯ ಗೋಡೆ, ಮುಂದೆ ಜನ. ಯಾರೋ ಬಟ್ಟೆ ಎಳೆದರು, ಹಿತ್ತಾಳೆ ಫಲಕ ಕಾಣಿಸಿತು. ನಾನು ಪಾತ್ರೆ ಒರೆಸುವ ಬಟ್ಟೆ ಹಿಡಿದು ಅದರ ಮೇಲಿನ ಅಕ್ಷರಗಳನ್ನು ತಿಕ್ಕುತ್ತಿದ್ದೇನೆ. ಅಳಿಸುವುದಿಲ್ಲ, ಬದಲಿಗೆ ನನ್ನ ಕೈಗೇ ಮೆತ್ತಿಕೊಳ್ಳುತ್ತವೆ. ಹಿಂದೆ ತಿರುಗಿದರೆ ನನ್ನ ತಮ್ಮ ಡೆಲ್ಮರ್, ಹೇರು ಹೊತ್ತ ಹೇಸರಗತ್ತೆಯ ಹಾಗೆ ತಾನು ನುಡಿಸುತ್ತಿದ್ದ ಆರೂ ವಾದ್ಯಗಳನ್ನು ಮೈಮೇಲೆ ನೇತುಹಾಕಿಕೊಂಡು ನಿಂತಿದ್ದಾನೆ. "ಯಾವ್ದು ನುಡಿಸ್ಲಿ ಅಕ್ಕಾ?" ಅಂತ ಕೇಳಿದ. ಎಚ್ಚರವಾದ ಮೇಲೆ ಒಲೆ ಆರಿಸಿದ್ದೇನೋ ಇಲ್ಲವೋ ಅಂತ ಎರಡು ಸಲ ಎದ್ದು ನೋಡಿದೆ. ಬೆಳಗಿನಿಂದ ಒಲೆ ಹಚ್ಚಿಯೇ ಇರಲಿಲ್ಲ.

ಈ ಕನಸಿಗೆಲ್ಲ ನೀನೇ ಕಾರಣ. ಡೆಲ್ಮರನ ನೆನಪಿಗೆ ಶಾಲೆಯ ಗೋಡೆಗೆ ಹಾಕುವ ಫಲಕಕ್ಕೆಂದು ನೀನು ಬರೆದುಕೊಟ್ಟಿರುವ ಒಕ್ಕಣೆಯ ಪ್ರತಿಯನ್ನು ಶಾಲೆಯವರು ನನಗೆ ಕಳಿಸಿದ್ದಾರೆ. ಅವನು ಸತ್ತು ಇನ್ನೂ ನಾಲ್ಕು ತಿಂಗಳು. ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ, ಕೇಳು.

"ಡೆಲ್ಮರ್ 'ಸ್ಟೆಪ್ನಿ' ನ್ಯಾಪಿಯರ್, 1934–2002. ಹೋಬರ್ಟ್ ಸೈಜ್‌ಮೋರ್ ಅವರ ಕಂಟ್ರಿ ಬ್ಯಾಂಡಿನಲ್ಲಿ ಹನ್ನೊಂದು ವರ್ಷ ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರ್, ಸ್ಟೀಲ್ ಗಿಟಾರ್, ಬಾಸ್ ನುಡಿಸಿದ. ಯಾರು ಬರದಿದ್ದರೂ ಅವರ ಜಾಗ ತುಂಬುತ್ತಿದ್ದ. 1971ರಲ್ಲಿ ಸಂಗೀತ ಬಿಟ್ಟು ಕಂಪನಿಗೆ ಹೋದ."

ಸ್ಟೆಪ್ನಿ! ಸತ್ತ ಮೇಲೂ ಅವನು ನಿನ್ನ ಕಾರಿನ ಡಿಕ್ಕಿಯಲ್ಲೇ ಬಿದ್ದಿರಬೇಕೇನು? ಅದನ್ನಾದರೂ ನುಂಗಿಕೊಂಡೇನು. ಆದರೆ "ಕಂಪನಿಗೆ ಹೋದ" ಅಂದರೆ ಈ ಕಣಿವೆಯಲ್ಲಿ ಏನರ್ಥ ಅಂತ ನಿನಗೆ ಗೊತ್ತಿಲ್ಲವಾ? ನೀನೂ ಇಲ್ಲೇ ಹುಟ್ಟಿದವನು. ನಿನ್ನ ಅಪ್ಪನೂ ಕಲ್ಲಿದ್ದಲು ಕೆಮ್ಮಿಯೇ ಸತ್ತವನು. ಇಲ್ಲಿ ಒಬ್ಬನನ್ನು ಕಳ್ಳ ಅನ್ನಬಹುದು, ಕುಡುಕ ಅನ್ನಬಹುದು, ಮಾರನೆಯ ದಿನ ಅವನ ಜೊತೆ ಕೂತು ಕಾಫಿಯನ್ನೂ ಕುಡಿಯಬಹುದು. ಕಂಪನಿಯವನು, ಗಣಿ ಮಾಲೀಕರ ಕಡೆಯವನು ಅಂದರೆ ಮಾತ್ರ ಮುಗಿಯಿತು. ಡೆಲ್ಮರ್ ಸರ್ಕಾರದ ಗಣಿ ಇನ್‌ಸ್ಪೆಕ್ಟರ್ ಆಗಿದ್ದ. ಕಂಪನಿಯ ನಾಲ್ಕನೇ ಗಣಿಗೆ ಮೂರು ಸಲ ಬೀಗ ಹಾಕಿಸಿದವನು ಅವನು. ಅವರು ಎಂಜಿನ್ ಕೆಡಲಿ ಅಂತ ಇವನ ಟ್ರಕ್ಕಿನ ಪೆಟ್ರೋಲ್ ಟ್ಯಾಂಕಿಗೆ ಸಕ್ಕರೆ ಸುರಿದರು.

ಫಲಕ ತೆರೆಯುವುದು ಮೇ 25ರ ಬೆಳಿಗ್ಗೆ, ನಾವು ವರ್ಷಕ್ಕೊಮ್ಮೆ ಗೋರಿಗಳಿಗೆ ಹೂವಿಡುವ ಭಾನುವಾರ. ಅದನ್ನು ಓದಿದ ಜನವೇ ಅಲ್ಲಿಂದ ಗುಡ್ಡ ಹತ್ತಿ ಸ್ಮಶಾನಕ್ಕೆ ಬರುತ್ತಾರೆ. ಡೆಲ್ಮರನ ಗೋರಿಗೆ ಇದು ಮೊದಲನೆಯ ವರ್ಷ. ಕಂಪನಿಗೆ ಹೋದವನ ಗೋರಿಗೆ ಯಾರು ಹೂವಿಡುತ್ತಾರೆ? ಸುತ್ತ ಎಲ್ಲ ಗೋರಿಗಳೂ ಬಣ್ಣಬಣ್ಣವಾಗಿ, ನಡುವೆ ಇವನದೊಂದು ಬೋಳು ಮಣ್ಣು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನದನ್ನೂ ತಿದ್ದು.

ಆರ್ಲೀನಾ ನ್ಯಾಪಿಯರ್ ಕೋಂಬ್ಸ್

*

ನಾಕ್ಸ್‌ವಿಲ್, ಟೆನೆಸಿ
ಮಾರ್ಚ್ 21, 2003

ಆರ್ಲೀನಾ ಅಕ್ಕ,

ನಿನ್ನ ಕಾಗದವನ್ನು ಹೆಂಡತಿಗೆ ಓದಿ ಹೇಳಿದೆ. "ಇಷ್ಟು ಬೈಗುಳ ತಿನ್ನೋಕೆ ನೀನೇನು ಮಾಡಿದೀಯಾ?" ಅಂದಳು. ನಾನೂ ಅದನ್ನೇ ಕೇಳುತ್ತೇನೆ.

ನಿನಗೆ ಅವನು ತಮ್ಮ, ಒಪ್ಪಿದೆ. ಹನ್ನೊಂದು ವರ್ಷ ಒಂದೇ ಕಾರಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತವನು ನಾನು. ಅವನು ನುಡಿಸಿದ್ದನ್ನು ನೀನು ಎಷ್ಟು ಸಲ ಕೇಳಿದ್ದೀಯ? ಮನೆಯಲ್ಲಿ, ಚರ್ಚಿನಲ್ಲಿ. ಒಂದೇ ಹಾಡಿನಲ್ಲಿ ಪಿಟೀಲು ಎತ್ತಿ, ಇಳಿಸಿ, ಬ್ಯಾಂಜೊ ತಗುಲಿಸಿಕೊಂಡು, ತಾಳ ಒಂದು ಕೂದಲೆಳೆಯೂ ಜಾರದ ಹಾಗೆ ಹಿಡಿಯುತ್ತಿದ್ದನಲ್ಲ, ಅದನ್ನು ನೋಡಿದ್ದೀಯಾ? ನಮ್ಮ ಎರಡನೇ ರೆಕಾರ್ಡಿನ ಹೊದಿಕೆಯ ಮೇಲೆ ಐದು ಜನರ ಫೋಟೊ ಇದೆ. ಒಳಗೆ ಕೇಳಿಸುವುದರಲ್ಲಿ ಮೂರು ಜನ ಅವನೇ. ಉಳಿದವರು ಕುಡಿದು ಮಲಗಿದ್ದರು.

ಅಂಥವನು 1971ರಲ್ಲಿ ಕೈಕೊಟ್ಟ. ನಾಕ್ಸ್‌ವಿಲ್‌ನ ದೊಡ್ಡ ರೇಡಿಯೊದವರು ಕರೆದಿದ್ದರು, ಅಕ್ಟೋಬರ್ 16ರ ಶನಿವಾರ. ಅದೊಂದು ಕಾರ್ಯಕ್ರಮಕ್ಕೆ ನಾವು ಎಂಟು ವರ್ಷ ಕಾದಿದ್ದೆವು. ಫೋನ್ ಮಾಡಿದವನು, "ಶನಿವಾರಕ್ಕೂ ಬರಲ್ಲ, ಆಮೇಲೂ ಬರಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊ ಹೋಬ್" ಅಂದ. ಯಾಕೋ ಅಂದೆ. ಫೋನ್ ಇಟ್ಟುಬಿಟ್ಟ. ಬಾಡಿಗೆಗೆ ಹಿಡಿದು ತಂದ ಪಿಟೀಲಿನವನು ಗಾಡಿಯ ಬ್ರೇಕ್ ಕಿರುಗುಟ್ಟಿದ ಹಾಗೆ ನುಡಿಸಿದ. ರೇಡಿಯೊದವರು ಮತ್ತೆ ಕರೆಯಲಿಲ್ಲ. ಒಂದು ವರ್ಷದಲ್ಲಿ ಬ್ಯಾಂಡು ಮುರಿಯಿತು. ಆಮೇಲೆ ಇಪ್ಪತ್ತೆಂಟು ವರ್ಷ ನಾನು ಸೋಫಾ ಮಾರಿದೆ ಅಕ್ಕ. "ಕೂತ್ ನೋಡಿ ಸಾರ್, ಸ್ಪ್ರಿಂಗು ಹೆಂಗಿದೆ" ಅಂತ. ಒಬ್ಬರೂ ಬಂದು ನನ್ನ ಹೆಸರಿನ ಫಲಕ ಹಾಕುತ್ತೇವೆ ಅನ್ನಲಿಲ್ಲ.

ಕಂಪನಿ ಅಂತ ಗೊತ್ತಿಲ್ಲದೆ ಬರೆದೆ ಅಂದುಕೊಂಡಿದ್ದೀಯಾ? ಬೇಕಂತಲೇ ಬರೆದೆ. ಬರೆದು, ಓದಿ, ಖುಷಿಪಟ್ಟೆ. ನಮ್ಮನ್ನು ಬಿಟ್ಟು ನೆಲದೊಳಗೆ ಹೋದವನು ಯಾವ ಟೋಪಿ ಹಾಕಿಕೊಂಡು ಹೋದರೆ ನನಗೇನು?

ಅವನು ಯಾಕೆ ಬಿಟ್ಟ ಅಂತ ಮೂವತ್ತೊಂದು ವರ್ಷದಲ್ಲಿ ಯಾರೂ ನನಗೆ ಹೇಳಿಲ್ಲ. ನೀನು ಹೇಳು, ಅದನ್ನೇ ಬರೆಯುತ್ತೇನೆ.

ಹೋಬ್

*

ಕ್ರೇನ್ಸ್ ಫೋರ್ಕ್
ಮಾರ್ಚ್ 30, 2003

ಹೋಬರ್ಟ್,

ಬೇಕಂತಲೇ ಬರೆದೆ ಅಂತ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೂ ಇಲ್ಲವಲ್ಲ ನಿನಗೆ. ನಿನ್ನ ಕಾಗದವನ್ನು ಒಲೆಗೆ ಹಾಕಲು ಹೋಗಿ, ಉರಿ ಚಿಮಣಿಗೆ ಹತ್ತಿಕೊಂಡೀತು ಅಂತ ಹೆದರಿ ವಾಪಸ್ಸು ತಂದಿಟ್ಟೆ.

ಹೇಳುತ್ತೇನೆ. 1971ರ ಅಕ್ಟೋಬರ್ 12, ಮಂಗಳವಾರ, ನಾಲ್ಕನೇ ಗಣಿಯ ಸೂರು ಕುಸಿದು ನನ್ನ ಗಂಡ ಆರ್ವಿಲ್ ಸತ್ತ. ಅದು ನಿನಗೆ ಗೊತ್ತು, ಹೂವು ಕಳಿಸಿದ್ದೆ. ಡೆಲ್ಮರ್ ಬುಧವಾರ ಬಂದ. ಗುರುವಾರ ಬೆಳಿಗ್ಗೆ ಆರ್ವಿಲ್‌ನ ಊಟದ ಡಬ್ಬಿ ತರಲು ಗಣಿಗೆ ಹೋದ. ನಾನೂ ಜೊತೆಗೆ ಹೋಗಿದ್ದೆ, ಟ್ರಕ್ಕಿನಿಂದ ಇಳಿಯಲಿಲ್ಲ. ಗಾಜು ಇಳಿಸಿದ್ದರಿಂದ ಎಲ್ಲ ಕೇಳಿಸಿತು. ಗಣಿಯ ಮೇಸ್ತ್ರಿ ಕ್ಲೆಲ್ ಬ್ರಶಿಯರ್ ಡಬ್ಬಿ ಹಿಡಿದುಕೊಂಡು ಬಂದ.

"ಅವತ್ತು ಸೂರು ತಟ್ಟಿ ನೋಡಿದ್ಯಾ ಕ್ಲೆಲ್?"

"ತಟ್ದೆ. ದಿನಾ ತಟ್ಟಲ್ವಾ?"

"ಶಬ್ದ ಹೆಂಗ್ ಬಂತು?"

ಕ್ಲೆಲ್ ನೆಲ ನೋಡಿದ. "ಸ್ವಲ್ಪ ಡೋಲು ಹೊಡೀತಿತ್ತು."

"ಸ್ವಲ್ಪ ಅಂದ್ರೆ?"

"ಮೂರು ದಿನದಿಂದ ಹೊಡೀತಿತ್ತು ಡೆಲ್ಮರ್. ತಡ್ಕೊಳುತ್ತೆ ಅಂದ್ರು ಮೇಲಿನವ್ರು. ನಾನೇನ್ ಮಾಡ್ಲಿ, ನಂಗೂ ಐದು ಮಕ್ಳು."

ನೀನು ಗಣಿಗೆ ಇಳಿದವನಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಕಬ್ಬಿಣದ ಸರಳಿನಿಂದ ಸೂರನ್ನು ತಟ್ಟುತ್ತಾರೆ. ಗಟ್ಟಿ ಬಂಡೆಯಾದರೆ ಖಣ್ ಅನ್ನುತ್ತದೆ. ಒಳಗೆ ಪದರ ಬಿಟ್ಟುಕೊಂಡಿದ್ದರೆ ಡೋಲಿನ ಹಾಗೆ ಬದ್ದ್ ಅನ್ನುತ್ತದೆ. ಖಣ್ ಯಾವುದು, ಬದ್ದ್ ಯಾವುದು, ಎಲ್ಲರಿಗೂ ಗೊತ್ತಾಗುತ್ತದೆ. ಎರಡಕ್ಕೂ ನಡುವಿನದು ಗೊತ್ತಾಗಬೇಕಾದರೆ ಕಿವಿ ಬೇಕು. ಡೆಲ್ಮರ್ ನಿನ್ನ ಬ್ಯಾಂಡಿಗೆ ಬರುವ ಮೊದಲು ಹತ್ತು ವರ್ಷ ಗಣಿಯಲ್ಲಿ ದುಡಿದವನು. ಆರ್ವಿಲ್ ಸತ್ತ ವರ್ಷದ ಚಳಿಗಾಲ ಕೂತು ಓದಿ, ಸರ್ಕಾರದ ಪರೀಕ್ಷೆ ಕಟ್ಟಿ, ಇನ್‌ಸ್ಪೆಕ್ಟರ್ ಆದ.

ಗಣಿಯ ಕೆಲಸಗಾರರೂ ಅವನನ್ನು ಹೊತ್ತು ಮೆರೆಸಲಿಲ್ಲ. ಗಣಿ ನಿಂತರೆ ಅವತ್ತಿನ ದುಡಿಮೆ ಹೋಯಿತಲ್ಲ. "ಪಿಟೀಲು ಸಾಹೇಬ್ರು ಬಂದ್ರು, ಶ್ರುತಿ ಸರಿ ಇಲ್ವಂತೆ, ಎಲ್ಲಾ ಮನೆಗ್ ನಡೀರಪ್ಪಾ" ಅಂತ ಅವನ ಮುಖಕ್ಕೇ ಆಡಿಕೊಳ್ಳುತ್ತಿದ್ದರು. 1978ರಲ್ಲಿ ಆರನೇ ಗಣಿಯಿಂದ ಹತ್ತೊಂಬತ್ತು ಜನರನ್ನು ಹೊರಗೆ ಕರೆಸಿದ. ಅಂಗಳದಲ್ಲಿ ನಿಂತು ನಮ್ಮ ಅಮ್ಮನನ್ನೂ ಸೇರಿಸಿ ಬೈದರು. ಇನ್ನೂ ಬೈಯುತ್ತಿದ್ದಾಗಲೇ ಒಳಗೆ ಸೂರು ಬಿತ್ತು. ಗಣಿಯ ಬಾಯಿಂದ ಧೂಳು ಬಂದು ಅವರ ಮೈಮೇಲೆಲ್ಲ ಕೂತಿತು. ಆ ಹತ್ತೊಂಬತ್ತು ಜನರ ಮನೆಯವರು ಮೇ 25ಕ್ಕೆ ಬರುತ್ತಾರೆ. ನಿನ್ನ ಒಕ್ಕಣೆಯನ್ನು ಅವರ ಮುಂದೆ ನೀನೇ ಓದು, ನೋಡೋಣ.

ಇಷ್ಟು ಬರೆದರೆ ಸಾಕು. ಯಾಕೆ ಬಿಟ್ಟ ಅಂತ ಇನ್ನು ಕೆದಕಬೇಡ.

ಆರ್ಲೀನಾ

*

ನಾಕ್ಸ್‌ವಿಲ್
ಏಪ್ರಿಲ್ 12, 2003

ಆರ್ಲೀನಾ ಅಕ್ಕ,

ಕಂಪನಿ ಅನ್ನುವುದನ್ನು ಹೊಡೆದುಹಾಕಿ "ಸರ್ಕಾರದ ಗಣಿ ಇನ್‌ಸ್ಪೆಕ್ಟರ್ ಆದ" ಅಂತ ಬರೆದು ಶಾಲೆಯವರಿಗೆ ಕಳಿಸಿದ್ದೇನೆ. ಹತ್ತೊಂಬತ್ತು ಜನರ ವಿಷಯ ನನಗೆ ಗೊತ್ತಿರಲಿಲ್ಲ. ಅವನಿಗೆ ಹೇಳಲು ಏನಾಗಿತ್ತು? ಒಂದು ಕಾರ್ಡು ಬರೆಯಬಾರದಿತ್ತೇ? ಇದಕ್ಕೂ ಅವನ ಮೇಲೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಅದನ್ನು ಎಲ್ಲಿ ಇಳಿಸುವುದೋ ತಿಳಿಯುವುದಿಲ್ಲ. ನಾಯಿಯನ್ನು ಬೈದೆ.

ಸ್ಟೆಪ್ನಿ ಅನ್ನುವುದನ್ನು ಮಾತ್ರ ಹೊಡೆದುಹಾಕಿಲ್ಲ. ಯಾಕೆ ಅಂತ ಹೇಳುತ್ತೇನೆ, ಓದಿ ಉಗಿ. ಆ ಹೆಸರು ಇಟ್ಟವನು ನಾನು. ಅವನು ಸತ್ತ ಸುದ್ದಿ ಬಂದಾಗಿನಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. 1971ರ ಸೆಪ್ಟೆಂಬರಿನಲ್ಲಿ, ಹೈಸ್ಕೂಲೊಂದರ ಜಿಮ್ಮಿನಲ್ಲಿ ಕಾರ್ಯಕ್ರಮ. ನಾನು ಮೈಕಿನಲ್ಲಿ ಎಲ್ಲರ ಪರಿಚಯ ಮಾಡಿಸುತ್ತಿದ್ದೆ. ಇವನ ಸರದಿ ಬಂದಾಗ, "ಇವ್ನು ನಮ್ಮ ಸ್ಟೆಪ್ನಿ. ಬೇರೆ ಚಕ್ರ ಪಂಕ್ಚರ್ ಆದ್ರೆ ಮಾತ್ರ ಇವ್ನು ಓಡೋದು!" ಅಂದೆ. ಜನ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಆಮೇಲೆ ಕಾರಿನಲ್ಲಿ, "ಹೋಬ್, ಯಾವತ್ತಾದ್ರೂ ಒಂದು ದಿನ ಬರೀ ಪಿಟೀಲು ಅಂತ ಹೇಳೋ ನನ್ನ" ಅಂದ. "ಉಳಿದ ಐದನ್ನ ನಿನ್ನ ತಾತ ನುಡಿಸ್ತಾನಾ?" ಅಂದೆ. ಅದಾದ ತಿಂಗಳಿಗೆ ಬಿಟ್ಟ.

ನಿನ್ನ ಗಂಡ ಸತ್ತದ್ದಕ್ಕೆ ಬಿಟ್ಟ ಅಂತ ನೀನು ಹೇಳುತ್ತೀಯ. ನನ್ನ ಮಾತಿಗೆ ಬಿಟ್ಟ ಅಂತ ನನಗೆ ಗೊತ್ತು. ನೂರು ಸಲ ತೂಗಿ ನೋಡಿದ್ದೇನೆ. ಆ ಹೆಸರು ಫಲಕದ ಮೇಲೆ ಇರಲಿ. ನನ್ನ ತಪ್ಪು ಹಿತ್ತಾಳೆಯಲ್ಲೇ ಇರಲಿ, ಬಂದವರೆಲ್ಲ ನೋಡಲಿ.

ಹೋಬ್

*

ಕ್ರೇನ್ಸ್ ಫೋರ್ಕ್
ಏಪ್ರಿಲ್ 27, 2003

ಹೋಬರ್ಟ್,

ನಿನ್ನ ಸೊಕ್ಕು ನೋಡು. ಕೊನೆಗೆ ತಪ್ಪನ್ನೂ ನೀನೇ ದೋಚಿಕೊಂಡೆಯಾ? ವೇದಿಕೆ ನಿನ್ನದು, ಮೈಕು ನಿನ್ನದು, ಬ್ಯಾಂಡಿನ ಹೆಸರು ನಿನ್ನದು. ಇದೂ ನಿನ್ನದಾಗಬೇಕಾ? ಇದು ನನ್ನದು. ಮುಟ್ಟಬೇಡ.

ಹತ್ತು ದಿನದಿಂದ ಈ ಕಾಗದ ಬರೆಯುತ್ತಿದ್ದೇನೆ. ಬರೆಯುತ್ತೇನೆ, ಹರಿಯುತ್ತೇನೆ. ಅಂಚೆಯವನು ತೆರೆದು ಓದಿದರೆ ಅಂತ ಭಯ, ಓದಲಿ ಬಿಡು ಅಂತ ಮತ್ತೆ ಕೂರುತ್ತೇನೆ.

ಆರ್ವಿಲ್‌ನನ್ನು ಮಣ್ಣು ಮಾಡಿದ್ದು ಶುಕ್ರವಾರ ಮಧ್ಯಾಹ್ನ. ಗುಡ್ಡದಿಂದ ಇಳಿದು ಮನೆಗೆ ಬಂದೆವು. ಅಕ್ಕಪಕ್ಕದ ಹೆಂಗಸರು ಬೀನ್ಸು, ಜೋಳದ ರೊಟ್ಟಿ, ಕೋಳಿ, ಪದರು ಪದರಿನ ಸೇಬಿನ ಕೇಕು, ಮೇಜಿನ ತುಂಬ ಇಟ್ಟಿದ್ದರು. ಎಲ್ಲರೂ ಆರ್ವಿಲ್‌ನ ಒಳ್ಳೆಯ ಗುಣ ಹೇಳುತ್ತ ಉಣ್ಣುತ್ತಿದ್ದರು. ಡೆಲ್ಮರ್ ಲೋಟದ ಮಜ್ಜಿಗೆಗೆ ರೊಟ್ಟಿ ಮುರಿದು ಹಾಕಿಕೊಂಡು ಚಮಚದಲ್ಲಿ ತಿನ್ನುತ್ತಿದ್ದ. ಅವನು ಅಷ್ಟು ನಿಧಾನವಾಗಿ ತಿನ್ನುವುದನ್ನು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಕಂಪನಿಯ ಮೇಲೆ ಬರಬೇಕಿತ್ತು. ಕಂಪನಿಯವರು ಮೇಜಿನ ಮುಂದೆ ಇರಲಿಲ್ಲ, ಇವನು ಇದ್ದ. ಎಲ್ಲರ ಮುಂದೆ ಅಂದೆ.

"ಹೊಲದ ಆಚೆ ಯಾರೋ ಪಿಟೀಲು ಬಾರಿಸಿದ್ರೆ ತಂತಿ ಒಂಚೂರು ಇಳ್ದಿದೆ ಅಂತ ಇಲ್ಲಿಂದ್ಲೇ ಹೇಳ್ತೀಯಲ್ಲ, ಮೂರು ದಿನ ಆ ಸೂರು ಡೋಲು ಹೊಡೀತಲ್ಲೋ! ಕೇಳೋಕೆ ಅಲ್ಲಿ ಒಂದು ಕಿವಿ ಇರ್ಲಿಲ್ಲ. ನಿನ್ನ ಕಿವಿ ಎಲ್ಲಿತ್ತು? ಕುಡುಕರನ್ನ ಕುಣಿಸ್ತಾ ಇತ್ತು. ಥೂ!"

ಅವನು ಲೋಟದಲ್ಲಿ ಇದ್ದಷ್ಟನ್ನೂ ತಿಂದು ಮುಗಿಸಿದ. ಎದ್ದು ಲೋಟ ತೊಳೆದು ಬೋರಲು ಹಾಕಿ ಹೊರಗೆ ಹೋದ. ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಆಮೇಲೆ ಮೂವತ್ತೊಂದು ವರ್ಷ ಇದೇ ಕಣಿವೆಯಲ್ಲಿದ್ದ. ಪ್ರತಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದ. ನನ್ನ ಮೆಟ್ಟಿಲು ರಿಪೇರಿ ಮಾಡಿದ, ಸೌದೆ ಒಡೆದ. ಒಂದು ದಿನವೂ ಒಂದು ತಂತಿಯನ್ನೂ ಮೀಟಲಿಲ್ಲ. ನನ್ನ ಮಗಳ ಮದುವೆಯಲ್ಲಿ, "ಒಂದೇ ಒಂದು ನುಡ್ಸು ಮಾವಾ" ಅಂತ ಅವಳು ಅವನ ಕೈ ಹಿಡಿದು ಎಳೆದಳು. "ಬೆರಳು ಮರ್ತೋಗಿವೆ ಕಣೇ" ಅಂದ. ಅಂದದ್ದು ಅವಳಿಗೆ, ನೋಡಿದ್ದು ನನ್ನನ್ನು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇರಲಿಲ್ಲ.

ಅವನು ಬೈಯಬೇಕಿತ್ತು. ಒಂದು ಸಲವಾದರೂ, "ನೀನೇ ನನ್ನ ಕೈ ಕಟ್ಟಿದ್ದು" ಅನ್ನಬೇಕಿತ್ತು. ಕೊನೆಗೆ ಆಸ್ಪತ್ರೆಯಲ್ಲಿ, ಉಸಿರಿಗೆ ಕೊಳವೆ ಹಾಕಿದ್ದಾಗ, ನನ್ನ ಮಾತಿಗೇ ಬಿಟ್ಟೆಯಾ ಅಂತ ಕೇಳಬೇಕು ಅಂತಲೇ ಹೋದೆ. ಹೋಗಿ, ದಿಂಬು ಸರಿಯಿದೆಯಾ, ಕಿಟಕಿಯಿಂದ ಗಾಳಿ ಬರುತ್ತದಾ ಅಂತ ಕೇಳಿ ವಾಪಸ್ಸು ಬಂದೆ.

ಈಗ ಹೀಗೆ ಬರೆ. ಸ್ಟೆಪ್ನಿ ತೆಗೆದುಹಾಕು. ಆ ಜಾಗದಲ್ಲಿ "ಅಕ್ಕನ ಮಾತಿಗೆ ಸಂಗೀತ ಬಿಟ್ಟ" ಅಂತ ಹಾಕು. ಆ ಭಾನುವಾರ ಜನ ಓದಲಿ, ಓದಿ ತಿರುಗಿ ನನ್ನ ಮುಖ ನೋಡಲಿ. ಹೂವು ಅವನಿಗೆ ಹೇಗಿದ್ದರೂ ಬೀಳುತ್ತದೆ.

ಆರ್ಲೀನಾ

*

ನಾಕ್ಸ್‌ವಿಲ್
ಮೇ 6, 2003

ಆರ್ಲೀನಾ ಅಕ್ಕ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಏನು ಬರೆಯಲಿ ಅಂತ ಕೂತಿದ್ದೆ. ಸಮಾಧಾನದ ಮಾತು ನನಗೆ ಬರುವುದಿಲ್ಲ, ಬಂದರೂ ನೀನು ಉಗಿಯುತ್ತೀಯ.

ಒಂದು ವಿಷಯ ಮಾತ್ರ ಹೇಳುತ್ತೇನೆ. ಶುಕ್ರವಾರ ಊಟದ ಹೊತ್ತಿಗೆ ಅಂದೆ ಅಂತ ಬರೆದಿದ್ದೀಯ. ಅವನು ನನಗೆ ಫೋನ್ ಮಾಡಿದ್ದು ಗುರುವಾರ.

ಗುರುವಾರವೇ ಅಂತ ಯಾಕೆ ಹೇಳುತ್ತೇನೆ ಅಂದರೆ, ಶನಿವಾರದ ರೇಡಿಯೊಗೆಂದು ಐದೂ ಜನರ ಕೋಟುಗಳನ್ನು ಡ್ರೈಕ್ಲೀನಿಂಗ್‌ಗೆ ಕೊಟ್ಟಿದ್ದೆ. ತಂದು ಮಂಚದ ಮೇಲೆ ಹರಡಿದ್ದೆ. ಫೋನ್ ಬಂತು. ಮಾತು ಮುಗಿದ ಮೇಲೆ ಅವನ ಕೋಟನ್ನು ಮಾತ್ರ ಎತ್ತಿ ನೆಲಕ್ಕೆ ಬಡಿದೆ. ಆ ಕೋಟು ತಂದ ದಿನ ಗುರುವಾರ. ಅಂಗಡಿಯವನು ಗುರುವಾರ ಕೊಡುತ್ತೇನೆ ಅಂದಿದ್ದ. ಫೋನಿನಲ್ಲಿ ಅವನ ದನಿಯ ಹಿಂದೆ ಏನೋ ದೊಡ್ಡದಾಗಿ ಗುಂಯ್ ಅನ್ನುತ್ತಿತ್ತು. "ಎಲ್ಲಿಂದ ಮಾತಾಡ್ತಿದೀಯೋ?" ಅಂದರೆ ಹೇಳಲಿಲ್ಲ.

ನೀನು ಬಾಯಿ ತೆರೆಯುವ ಮೊದಲೇ ಅವನು ಬಿಟ್ಟಾಗಿತ್ತು ಅಕ್ಕ. ನಿನ್ನ ಮಾತಿಗೂ ಅಲ್ಲ, ಪ್ರಾಯಶಃ ನನ್ನದಕ್ಕೂ ಅಲ್ಲ. ನಾವಿಬ್ಬರೂ ಅಷ್ಟು ದೊಡ್ಡವರಲ್ಲವೇನೋ.

ಒಕ್ಕಣೆಯನ್ನು ಫಲಕ ಅಚ್ಚು ಹಾಕುವ ಲೆಕ್ಸಿಂಗ್‌ಟನ್ನಿನವರು ಮೇ 19ರ ಸೋಮವಾರದೊಳಗೆ ಕೇಳಿದ್ದಾರೆ. ಏನು ಬೇಕೋ ಬರೆದು ತಿಳಿಸು.

ಹೋಬ್

*

ಕ್ರೇನ್ಸ್ ಫೋರ್ಕ್
ಮೇ 10, 2003

ಹೋಬರ್ಟ್,

ಇದನ್ನು ನನಗೆ ಈಗ ಹೇಳುತ್ತಿದ್ದೀಯಾ? ಮೂವತ್ತೊಂದು ವರ್ಷ ಆದ ಮೇಲೆ? ಗುರುವಾರ ಅನ್ನುವ ಒಂದು ಮಾತು ನಿನ್ನ ಹತ್ತಿರ ಇತ್ತು, ನಿನಗೆ ಅದು ಬೇಕಿರಲಿಲ್ಲ. ನನಗೆ ಬೇಕಿತ್ತು, ನನ್ನ ಹತ್ತಿರ ಇರಲಿಲ್ಲ. ನಾವು ಮೂವರೂ ಬಾಯಿ ಹೊಲಿದುಕೊಂಡು ಕೂತೆವಲ್ಲ, ಯಾವ ಘನಕಾರ್ಯಕ್ಕೆ? ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ ಕಾಗದ ಹಿಡಿದುಕೊಂಡೇ ತೋಟಕ್ಕೆ ಹೋಗಿ, ಬೀನ್ಸಿನ ಸಾಲಿನ ಕಳೆ ಕೀಳಲು ಹೋದವಳು ಬೀನ್ಸನ್ನೂ ಕಿತ್ತುಹಾಕಿದೆ.

ಆಮೇಲೆ ಭಯ ಶುರುವಾಯಿತು. ನಾನು ಮುದುಕಿ, ಸಾಯುವ ಕಾಲ, ಇವಳಿಗೊಂದು ಸುಳ್ಳು ಹೇಳಿ ಕಳಿಸೋಣ ಅಂತ ನೀನೂ ನಿನ್ನ ಹೆಂಡತಿಯೂ ಕೂತು ಯೋಚಿಸಿದ್ದೀರಾ? ಹಾಗಿದ್ದರೆ ಈಗಲೇ ಹೇಳು. ಕನಿಕರಕ್ಕೆ ಹೇಳಿದ ಸುಳ್ಳು ನನಗೆ ಬೇಡ.

ಎರಡು ದಿನದಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಆಗ ನಮ್ಮ ಕಣಿವೆಯಲ್ಲಿ ಇದ್ದದ್ದು ಎರಡೇ ಫೋನು. ಒಂದು ಕಿರಾಣಿ ಅಂಗಡಿಯಲ್ಲಿ, ಇನ್ನೊಂದು ಗಣಿಯ ಆಫೀಸಿನಲ್ಲಿ. ಗಣಿಯಲ್ಲಿ ಯಾರಾದರೂ ಸತ್ತರೆ ಮಣ್ಣು ಆಗುವ ತನಕ ಅಂಗಡಿ ತೆರೆಯುವುದಿಲ್ಲ. ಆದ್ದರಿಂದ ಗುರುವಾರ ಅಂಗಡಿಯಿಂದ ಮಾಡಿರಲು ಸಾಧ್ಯವಿಲ್ಲ. ಗಣಿಯ ಆಫೀಸಿನ ಪಕ್ಕದಲ್ಲೇ ಒಳಕ್ಕೆ ಗಾಳಿ ದಬ್ಬುವ ದೊಡ್ಡ ಫ್ಯಾನು ಇತ್ತು. ನೀನು ಕೇಳಿದ ಗುಂಯ್ ಅದೇ ಇರಬೇಕು. ಗುರುವಾರ ಡಬ್ಬಿ ಇಸಿದುಕೊಂಡ ಮೇಲೆ, "ಇರು, ಬಂದೆ" ಅಂತ ಹೇಳಿ ಆಫೀಸಿನೊಳಗೆ ಹೋದ. ಕೈ ತೊಳೆಯಲು ಹೋಗಿದ್ದಾನೆ ಅಂದುಕೊಂಡೆ. ನಾನು ಟ್ರಕ್ಕಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಅಷ್ಟಕ್ಕೇ ನಂಬಿಬಿಡೋಣ ಅನ್ನಿಸುತ್ತದೆ. ಆದರೆ ಶುಕ್ರವಾರ ಊಟದಿಂದ ಎದ್ದು ಹೊರಗೆ ಹೋದನಲ್ಲ, ಎಲ್ಲಿಗೆ ಹೋದ? ಕತ್ತಲಾಗುವ ಹೊತ್ತಿಗೆ ಬಂದ. ಅವತ್ತೂ ಗಣಿಯ ಕಡೆಗೇ ನಡೆದು ಹೋಗಿದ್ದರೆ? ಫ್ಯಾನು ಶುಕ್ರವಾರವೂ ತಿರುಗುತ್ತಿತ್ತು. ಅದು ನಿಂತದ್ದೇ ಇಲ್ಲ.

ಫಲಕಕ್ಕೆ ಇಷ್ಟು ಹಾಕು. ಬೇರೆ ಹೆಸರಿಲ್ಲ, ಬಿರುದಿಲ್ಲ.

"ಡೆಲ್ಮರ್ ನ್ಯಾಪಿಯರ್, 1934–2002. ಆರು ವಾದ್ಯ ನುಡಿಸಿದ. ಆಮೇಲೆ ಇಪ್ಪತ್ತೈದು ವರ್ಷ ಈ ಜಿಲ್ಲೆಯ ಗಣಿಗಳ ಸೂರು ತಟ್ಟಿ ಕೇಳಿದ."

ಇದರ ಕೆಳಗೆ ನನ್ನ ಸಾಲು, ಅಕ್ಕನ ಮಾತಿಗೆ ಬಿಟ್ಟ ಅನ್ನುವುದು, ಬರಬೇಕೋ ಬೇಡವೋ ಅನ್ನುವುದು ನಿನ್ನ ಕೈಯಲ್ಲಿದೆ. ಅವನು ಫೋನ್ ಮಾಡಿದ್ದು ಗುರುವಾರ ಅಂತಾದರೆ ಬೇಡ. ಶುಕ್ರವಾರ ಸಂಜೆ ಅಂತಾದರೆ ಹಾಕು, ನನ್ನ ಮುಖ ನೋಡಿ ಹಿಂಜರಿಯಬೇಡ. ಅಂಗಡಿಯವನು ಗುರುವಾರ ಕೊಡುತ್ತೇನೆ ಅಂದಿದ್ದ ಅಂತ ಬರೆದಿದ್ದೀಯ. ಕೊಡುತ್ತೇನೆ ಅಂದ ದಿನವೇ ಕೊಟ್ಟನಾ? ನಿನ್ನ ಹೆಂಡತಿಯನ್ನು ಕೇಳು, ಆ ವರ್ಷದ ಚೀಟಿಪಾಟಿ ಏನಾದರೂ ಉಳಿದಿದ್ದರೆ ಹುಡುಕು. 19ರ ಸೋಮವಾರಕ್ಕೆ ಮೊದಲು ನನಗೆ ಬರೆ. ಕೋಟು ತಂದದ್ದು ಗುರುವಾರವೇ ಹೌದಾ, ಇನ್ನೊಂದು ಸಲ ನೋಡು.

ಆರ್ಲೀನಾ